ಬೀಗರ ನಾಡು: ಭಾರತ–ನೇಪಾಳ ಸಂಬಂಧದಲ್ಲಿ ಸಮಾನ ಸಂಸ್ಕೃತಿಯ ಸ್ವರೂಪ ಮತ್ತು ಮಿತಿ

ಪೀಠಿಕೆ

ಭಾರತ ಮತ್ತು ನೇಪಾಳಗಳ ನಡುವಿನ ಬಾಂಧವ್ಯವನ್ನು ಕುರಿತು ಮಾತನಾಡುವಾಗ ಎರಡೂ ದೇಶಗಳ ನಾಯಕರು ಬಹುಕಾಲದಿಂದ ಬಳಸುತ್ತ ಬಂದಿರುವ ನುಡಿಗಟ್ಟೊಂದಿದೆ: ‘ರೋಟಿ-ಬೇಟಿ ಸಂಬಂಧ’. ಒಂದೇ ಪಂಕ್ತಿಯಲ್ಲಿ ಉಣ್ಣುವ, ಹೆಣ್ಣು ಕೊಟ್ಟು ಹೆಣ್ಣು ತರುವ ನಂಟು ಎಂಬುದು ಇದರ ಅರ್ಥ. ಕನ್ನಡದ ಮಾತಿನಲ್ಲಿ ಹೇಳುವುದಾದರೆ ಇದು ಕೊಟ್ಟು-ತಂದ ಸಂಬಂಧ, ಬೀಗತನ. ದೇಶದೇಶಗಳ ನಡುವಣ ವ್ಯವಹಾರವನ್ನು ಹೇಳಲು ಜನಪದರ ಬದುಕಿನಿಂದ ಎತ್ತಿಕೊಂಡ ಈ ನುಡಿಗಟ್ಟು ಇಂದು ರಾಜತಾಂತ್ರಿಕ ಭಾಷೆಯ ಭಾಗವೇ ಆಗಿಹೋಗಿದೆ.

ಆದರೆ ಈ ಸಂಬಂಧದ ಇತ್ತೀಚಿನ ಚರಿತ್ರೆ ಬೇರೊಂದು ಚಿತ್ರವನ್ನೂ ಮುಂದಿಡುತ್ತದೆ. 1989ರಲ್ಲಿ ವ್ಯಾಪಾರ ಮತ್ತು ಸಾಗಣೆಯ ಒಪ್ಪಂದಗಳು ಮುರಿದುಬಿದ್ದು ಗಡಿಯ ಬಹುತೇಕ ದಾರಿಗಳು ಮುಚ್ಚಿದವು. 2015ರಲ್ಲಿ ಗಡಿಯಲ್ಲಿ ಸರಕು ಸಾಗಣೆ ತಿಂಗಳುಗಟ್ಟಲೆ ನಿಂತುಹೋಯಿತು. 2020ರಲ್ಲಿ ನೇಪಾಳವು ಕಾಲಾಪಾನಿ, ಲಿಪುಲೇಖ್ ಮತ್ತು ಲಿಂಪಿಯಾಧುರಾ ಪ್ರದೇಶಗಳನ್ನು ಒಳಗೊಂಡ ಹೊಸ ನಕಾಶೆಯನ್ನು ಸಂವಿಧಾನ ತಿದ್ದುಪಡಿಯ ಮೂಲಕ ಅಂಗೀಕರಿಸಿತು; ಭಾರತ ಅದನ್ನು ಒಪ್ಪಲಿಲ್ಲ. ದೇವರು, ಪುರಾಣ, ಭಾಷೆ, ಹಬ್ಬ, ಮದುವೆ ಎಲ್ಲವೂ ಕೂಡಿಬರುವ ಎರಡು ನೆರೆನಾಡುಗಳ ನಡುವೆ ಇಂತಹ ಬಿರುಕುಗಳು ಏಕೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ? ಸಮಾನ ಸಂಸ್ಕೃತಿಯು ಸೌಹಾರ್ದಕ್ಕೆ ತಾನೇ ತಾನಾಗಿ ಆಧಾರವಾಗುವುದೇ?

ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಜಾನಪದ ಮತ್ತು ಚರಿತ್ರೆಗಳ ನೆಲೆಯಿಂದ ಪರಿಶೀಲಿಸುತ್ತದೆ. ಇದಕ್ಕಾಗಿ ಮೂರು ನಿದರ್ಶನಗಳನ್ನು ಆಯ್ದುಕೊಳ್ಳಲಾಗಿದೆ. ಮೊದಲನೆಯದು ಕರ್ಣಾಟ ವಂಶದ ನೆನಪು. ಎರಡನೆಯದು ಪಶುಪತಿನಾಥ ದೇವಾಲಯದ ಭಟ್ಟರ ಪರಂಪರೆ. ಮೂರನೆಯದು ಮಿಥಿಲೆಯ ಸೀತಾವಿವಾಹದ ಆಚರಣೆ. ಮೊದಲ ಎರಡಕ್ಕೆ ಕನ್ನಡನಾಡಿನೊಂದಿಗೆ ನೇರ ನಂಟಿರುವುದರಿಂದ ಕನ್ನಡ ಸಂಶೋಧಕರಿಗೆ ಅವು ಹೊಸವಲ್ಲ. ಆದರೆ ನಾಡಿನ ಹಿರಿಮೆಯನ್ನು ಹೇಳುವ ಪ್ರಸಂಗಗಳೆಂದು ಮಾತ್ರ ಅವನ್ನು ಓದಿಕೊಂಡಿರುವುದೇ ಹೆಚ್ಚು. ಪಡೆದುಕೊಂಡವರ ಕಡೆಯಿಂದ ನೋಡಿದಾಗ ಅವು ಬೇರೆಯದೇ ಅರ್ಥವನ್ನು ಕೊಡುತ್ತವೆ.

1. ಕರ್ಣಾಟ ವಂಶ: ಹೆಣ್ಣಿನ ಮೂಲಕ ಬಂದ ನಂಟು

ಹನ್ನೊಂದನೆಯ ಶತಮಾನದ ಕೊನೆಯಲ್ಲಿ, 1097ರ ಸುಮಾರಿಗೆ, ನಾನ್ಯದೇವನೆಂಬ ಅರಸನು ಮಿಥಿಲೆಯಲ್ಲಿ ರಾಜ್ಯವೊಂದನ್ನು ಸ್ಥಾಪಿಸಿದನು. ಇವನ ವಂಶವನ್ನು ಕರ್ಣಾಟ ವಂಶವೆಂದು ಕರೆಯಲಾಗಿದೆ. ಕಲ್ಯಾಣದ ಚಾಲುಕ್ಯರು ಉತ್ತರ ಮತ್ತು ಪೂರ್ವ ಭಾರತದ ಮೇಲೆ ಕೈಗೊಂಡ ದಂಡಯಾತ್ರೆಗಳ ಸಂದರ್ಭದಲ್ಲಿ ಈ ಮನೆತನ ಅಲ್ಲಿ ನೆಲೆಗೊಂಡಿರಬೇಕೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಇವರ ರಾಜಧಾನಿ ಸಿಮ್ರೌನ್‌ಗಢದ ಅವಶೇಷಗಳು ಇಂದು ನೇಪಾಳದ ಬಾರಾ ಜಿಲ್ಲೆಯಲ್ಲಿ, ಭಾರತದ ಗಡಿಗೆ ಅಂಟಿಕೊಂಡಂತೆ ಇವೆ. ನಾನ್ಯದೇವನು ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ವಿದ್ವಾಂಸನೂ ಆಗಿದ್ದನು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹೆಸರಿನಲ್ಲಿ ಕರ್ಣಾಟವಿದ್ದರೂ ಈ ಆಸ್ಥಾನದಲ್ಲಿ ಬೆಳೆದ ದೇಶಭಾಷೆ ಮೈಥಿಲಿ. ಮೈಥಿಲಿಯ ಆದ್ಯ ಗದ್ಯಕೃತಿಯೆನಿಸಿದ ‘ವರ್ಣರತ್ನಾಕರ’ವನ್ನು ರಚಿಸಿದ ಜ್ಯೋತಿರೀಶ್ವರ ಠಾಕೂರನು ಈ ವಂಶದ ಕೊನೆಯ ಪ್ರಮುಖ ಅರಸ ಹರಿಸಿಂಹದೇವನ ಆಶ್ರಯದಲ್ಲಿದ್ದವನು. ಮೈಥಿಲ ಬ್ರಾಹ್ಮಣ ಮತ್ತು ಕಾಯಸ್ಥ ಕುಟುಂಬಗಳ ವಂಶಾವಳಿಯನ್ನು ದಾಖಲಿಸುವ ಪಂಜಿ ವ್ಯವಸ್ಥೆಯನ್ನು ಜಾರಿಗೆ ತಂದವನು ಹರಿಸಿಂಹದೇವನೆಂದೇ ಪರಂಪರೆ ಹೇಳುತ್ತದೆ. ಯಾರಿಗೆ ಯಾರು ಹೆಣ್ಣು ಕೊಡಬಹುದು ಎಂಬುದನ್ನು ಇಂದಿಗೂ ಈ ಪಂಜಿಗಳ ಆಧಾರದಿಂದ ನಿಷ್ಕರ್ಷಿಸುವ ಕುಟುಂಬಗಳಿವೆ. ಹೀಗೆ ಹೊರಗಿನಿಂದ ಬಂದ ಮನೆತನವೊಂದು ಎರಡು ಶತಮಾನಗಳಲ್ಲಿ ಪೂರ್ಣವಾಗಿ ಮೈಥಿಲವಾಯಿತು.

1324ರ ಹೊತ್ತಿಗೆ ಗಿಯಾಸುದ್ದೀನ್ ತುಘಲಕನ ಸೈನ್ಯ ಸಿಮ್ರೌನ್‌ಗಢವನ್ನು ಮುತ್ತಿತು. ಹರಿಸಿಂಹದೇವನು ಉತ್ತರದ ಬೆಟ್ಟಗಳತ್ತ ಹೊರಟನು. ನಂತರದ ವಂಶಾವಳಿಗಳು ಅವನನ್ನು ನೇಪಾಳ ಕಣಿವೆಯನ್ನು ಗೆದ್ದ ವೀರನೆಂದು ಬಣ್ಣಿಸಿವೆ. ಆದರೆ ಹದಿನಾಲ್ಕನೆಯ ಶತಮಾನದ ಕೊನೆಗೆ ರಚಿತವಾದ ‘ಗೋಪಾಲರಾಜ ವಂಶಾವಳಿ’ ಹೇಳುವ ಸಂಗತಿ ಬೇರೆ. ಅದರ ಪ್ರಕಾರ ಅವನು ದಾರಿಯಲ್ಲಿಯೇ ಮಡಿದನು. ಭಕ್ತಪುರದಲ್ಲಿ ಆಶ್ರಯ ಪಡೆದವಳು ಅವನ ರಾಣಿ ದೇವಲದೇವಿ. ಅವಳ ಮಗ ಜಗತ್ಸಿಂಹನ ಮಗಳು ರಾಜಲ್ಲದೇವಿಯನ್ನು ಮದುವೆಯಾದ ಜಯಸ್ಥಿತಿಮಲ್ಲನು ಕಣಿವೆಯ ಪ್ರಬಲ ಅರಸನಾದನು. ಅಂದರೆ ಕರ್ಣಾಟ ವಂಶದ ರಕ್ತಸಂಬಂಧ ಮಲ್ಲ ಅರಸರಿಗೆ ಬಂದದ್ದು ದಿಗ್ವಿಜಯದಿಂದಲ್ಲ. ಆಶ್ರಯ ಬೇಡಿ ಬಂದ ಒಬ್ಬ ವಿಧವೆಯಿಂದ ಮತ್ತು ಅವಳ ಮೊಮ್ಮಗಳಿಂದ.

ಸೋತು ಬಂದವರ ಈ ನೆನಪು ಕಾಲಾನಂತರದಲ್ಲಿ ಗೌರವದ ಕುರುಹಾಯಿತು. ಹದಿನೇಳನೆಯ ಶತಮಾನದಲ್ಲಿ ಕಾಠ್ಮಂಡುವಿನ ಅರಸ ಪ್ರತಾಪಮಲ್ಲನು ತನ್ನ ವಂಶವನ್ನು ನಾನ್ಯದೇವನಿಗೆ ಜೋಡಿಸಿ ಶಾಸನ ಬರೆಸಿದನು. ಹರಿಸಿಂಹನೊಡನೆ ಬಂದಳೆಂದು ಐತಿಹ್ಯಗಳು ಹೇಳುವ ತಲೇಜು ದೇವಿ ಮಲ್ಲರ ಕುಲದೇವತೆಯಾದಳು. 1564ರಲ್ಲಿ ಮಹೇಂದ್ರಮಲ್ಲನು ಕಾಠ್ಮಂಡುವಿನಲ್ಲಿ ಆಕೆಗೆ ಎತ್ತರವಾದ ಗುಡಿಯನ್ನು ಕಟ್ಟಿಸಿದನು. ತಲೇಜುವಿನ ಜೀವಂತ ರೂಪವೆಂದು ಪೂಜಿಸಲ್ಪಡುವ ಕಾಠ್ಮಂಡುವಿನ ಕುಮಾರಿಯನ್ನು ಆರಿಸುವುದು ನೇವಾರ ಬೌದ್ಧರಾದ ಶಾಕ್ಯ ಕುಟುಂಬಗಳಿಂದ. 1768ರಲ್ಲಿ ಇಂದ್ರಜಾತ್ರೆಯ ದಿನ ಕಾಠ್ಮಂಡುವನ್ನು ವಶಪಡಿಸಿಕೊಂಡ ಪೃಥ್ವಿನಾರಾಯಣ ಷಾಹನು ಕುಮಾರಿಯಿಂದ ತಿಲಕ ಪಡೆದನೆಂಬುದು ಪ್ರಸಿದ್ಧ ಕಥನ. 2008ರಲ್ಲಿ ಅರಸೊತ್ತಿಗೆ ಕೊನೆಗೊಂಡ ಬಳಿಕ ಗಣರಾಜ್ಯದ ರಾಷ್ಟ್ರಪತಿಗಳು ಆ ತಿಲಕವನ್ನು ಪಡೆಯುತ್ತ ಬಂದಿದ್ದಾರೆ.

ಒಂದು ಐತಿಹ್ಯದ ಈ ದೀರ್ಘ ಪಯಣವು ಒಂದು ತತ್ತ್ವವನ್ನು ಸೂಚಿಸುತ್ತದೆ. ಕರ್ಣಾಟ ಮೂಲವನ್ನು ಕರ್ಣಾಟದವರು ನೇಪಾಳದ ಮೇಲೆ ಹೇರಲಿಲ್ಲ. ಅದನ್ನು ಬೇಕೆಂದು ಎತ್ತಿಕೊಂಡವರು ನೇಪಾಳದ ಅರಸರು. ಅದನ್ನು ತಮ್ಮ ನೇವಾರ, ಬೌದ್ಧ, ತಾಂತ್ರಿಕ ಆಚರಣೆಗಳಲ್ಲಿ ಕರಗಿಸಿ ತಮ್ಮದನ್ನಾಗಿ ಮಾಡಿಕೊಂಡವರು ಅಲ್ಲಿನ ಜನ. ಆ ಹಕ್ಕು ಅವರಿಗಿದ್ದುದರಿಂದಲೇ ಅದು ಉಳಿಯಿತು. ಇಂದು ಇದೇ ಸಂಗತಿಯನ್ನು ‘ಕನ್ನಡಿಗರು ಆಳಿದ ನೇಪಾಳ’ ಎಂದು ಹೇಳಿಕೊಂಡರೆ, ಏಳು ಶತಮಾನಗಳ ಅವರ ಸೃಜನಶೀಲತೆಯನ್ನು ಅಳಿಸಿದಂತಾಗುತ್ತದೆ.

2. ಪಶುಪತಿಯ ಭಟ್ಟರು: ಹೊರಗಿನವರಿಗೆ ಒಳಗೊಂದು ಸ್ಥಾನ

ಬಾಗಮತಿ ನದಿಯ ದಡದ ಪಶುಪತಿನಾಥ ದೇವಾಲಯದಲ್ಲಿ ಗರ್ಭಗುಡಿಯ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ದಕ್ಷಿಣ ಭಾರತದಿಂದ ಹೋದ ಭಟ್ಟರಿಗೆ ಮಾತ್ರ ಇದೆ. ಈಚಿನ ತಲೆಮಾರುಗಳಲ್ಲಿ ಇವರಲ್ಲಿ ಅನೇಕರು ಉಡುಪಿ ಮತ್ತು ಉತ್ತರ ಕನ್ನಡದ ಕರಾವಳಿಯಿಂದ ಹೋದವರು. ಜನಪ್ರಿಯ ಐತಿಹ್ಯವು ಈ ವ್ಯವಸ್ಥೆಯನ್ನು ಶಂಕರಾಚಾರ್ಯರಿಗೆ ಜೋಡಿಸುತ್ತದೆ. ವಂಶಾವಳಿಗಳು ದಕ್ಷಿಣದ ಭಟ್ಟರ ನೇಮಕವನ್ನು ಹದಿನೈದನೆಯ ಶತಮಾನದ ಯಕ್ಷಮಲ್ಲನ ಕಾಲಕ್ಕೆ ಹೇಳುತ್ತವೆ.

ಈ ವ್ಯವಸ್ಥೆಯ ಇನ್ನೊಂದು ಮುಖವನ್ನು ಕನ್ನಡದ ಬರಹಗಳು ಸಾಮಾನ್ಯವಾಗಿ ಕಡೆಗಣಿಸಿವೆ. ಭಟ್ಟರ ಜೊತೆಯಲ್ಲಿ ಭಂಡಾರಿಗಳೆಂಬ ಸ್ಥಳೀಯ ನೇವಾರ ಸಮುದಾಯದ ಸೇವಾವರ್ಗವಿದೆ. ಪೂಜೆಯ ಸಿದ್ಧತೆ, ಸಾಮಗ್ರಿ, ಭಂಡಾರದ ರಕ್ಷಣೆ ವಂಶಪಾರಂಪರ್ಯವಾಗಿ ಅವರಿಗೆ ಸೇರಿದ್ದು. ಅವರು ಲಿಂಗವನ್ನು ಮುಟ್ಟುವಂತಿಲ್ಲ. ಭಟ್ಟರಿಗೆ ಭಂಡಾರದ ಯಜಮಾನಿಕೆಯಿಲ್ಲ. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಸಾಗುವಂತಿಲ್ಲ. ಭಟ್ಟರನ್ನು ನೇಮಿಸುವ ಅಧಿಕಾರ ನೇಪಾಳದ ಅರಸನಲ್ಲಿತ್ತು.

ಹೊರನಾಡಿನ ಅರ್ಚಕರು ಏಕೆ ಬೇಕು ಎಂಬ ಪ್ರಶ್ನೆಗೆ ಜನರ ನಡುವೆ ಬಳಕೆಯಲ್ಲಿರುವ ಕಾರಣವೊಂದಿದೆ. ಅರಸನು ತೀರಿಕೊಂಡರೆ ಪ್ರಜೆಗಳೆಲ್ಲರಿಗೂ ತಂದೆ ಸತ್ತಂತೆ ಸೂತಕ. ಸೂತಕದಲ್ಲಿ ಯಾರೂ ದೇವರನ್ನು ಮುಟ್ಟುವಂತಿಲ್ಲ. ಆಗಲೂ ಪಶುಪತಿಯ ಪೂಜೆ ನಿಲ್ಲಬಾರದಾದ್ದರಿಂದ ಆ ಸೂತಕ ತಟ್ಟದ ಹೊರಗಿನವರು ಬೇಕು. ಈ ವಿವರಣೆ ಚಾರಿತ್ರಿಕವಾಗಿ ಎಷ್ಟು ನಿಜವೆಂಬುದು ಬೇರೆ ಮಾತು. ಜಾನಪದ ದೃಷ್ಟಿಯಿಂದ ನೋಡಿದರೆ ಇದು ಸಾಮಾಜಿಕ ವ್ಯವಸ್ಥೆಯೊಂದಕ್ಕೆ ಜನಸಮುದಾಯ ಕೊಟ್ಟುಕೊಂಡ ಸಮರ್ಥನೆ. ಹೊರಗಿನವನು ಇಲ್ಲಿ ಬೇಕಾಗಿರುವುದು ಅವನು ಶ್ರೇಷ್ಠನೆಂಬ ಕಾರಣಕ್ಕಲ್ಲ, ಹೊರಗಿನವನೆಂಬ ಕಾರಣಕ್ಕೆ. ಅವನಿಗೆ ಸ್ಥಳೀಯ ಬಂಧುಬಳಗವಿಲ್ಲ, ಆಸ್ತಿಯ ಹಕ್ಕಿಲ್ಲ, ಅರಮನೆಯ ಪಕ್ಷಗಳ ಹಂಗಿಲ್ಲ. ಅವನ ಅನ್ಯತೆಯೇ ಅವನ ಯೋಗ್ಯತೆ. ಆ ಅನ್ಯತೆಗೆ ಒಂದು ಸ್ಥಾನವನ್ನೂ ಒಂದು ಮೇರೆಯನ್ನೂ ಆತಿಥೇಯ ಸಮಾಜ ತಾನೇ ಗೊತ್ತುಪಡಿಸಿದೆ.

2006ರಲ್ಲಿ ನೇಪಾಳದ ಸಂಸತ್ತು ದೇಶವನ್ನು ಧರ್ಮನಿರಪೇಕ್ಷವೆಂದು ಘೋಷಿಸಿತು. 2008ರ ಮೇ ತಿಂಗಳಲ್ಲಿ ಅರಸೊತ್ತಿಗೆ ರದ್ದಾಯಿತು. ನೇಮಕ ಮಾಡುವ ಅರಸನೂ ಇಲ್ಲವಾದ, ಅರಸನ ಸೂತಕವೆಂಬ ಕಾರಣವೂ ಇಲ್ಲವಾಯಿತು. ಅದೇ ವರ್ಷದ ಕೊನೆಯಲ್ಲಿ ಮಾವೋವಾದಿ ಪಕ್ಷದ ನೇತೃತ್ವದ ಸರ್ಕಾರವು ಭಾರತೀಯ ಭಟ್ಟರ ಸ್ಥಾನದಲ್ಲಿ ನೇಪಾಳಿ ಅರ್ಚಕರನ್ನು ನೇಮಿಸಿತು. ಈ ನಿರ್ಧಾರದ ಹಿಂದೆ ಎರಡು ವಾದಗಳಿದ್ದವು. ರಾಷ್ಟ್ರದ ಪ್ರಧಾನ ದೇವಾಲಯದಲ್ಲಿ ತನ್ನದೇ ಪ್ರಜೆಗಳಿಗೆ ಪೂಜೆಯ ಅಧಿಕಾರವಿಲ್ಲವೇ ಎಂಬುದು ಒಂದು. ಕಾಣಿಕೆಯ ಆದಾಯಕ್ಕೆ ಲೆಕ್ಕವಿರಬೇಕೆಂಬುದು ಮತ್ತೊಂದು. ಇವೆರಡನ್ನೂ ಕೇವಲ ಭಾರತ ವಿರೋಧವೆಂದು ತಳ್ಳಿಹಾಕುವುದು ಸರಿಯಾಗದು. ಪ್ರಜಾಪ್ರಭುತ್ವವಾಗಿ ಮಾರ್ಪಡುತ್ತಿದ್ದ ಯಾವುದೇ ಸಮಾಜ ಕೇಳಬಹುದಾದ ಪ್ರಶ್ನೆಗಳೇ ಅವು.

ಆದರೆ ನಿರ್ಧಾರವನ್ನು ಎದುರಿಸಿದವರಲ್ಲಿ ಮುಂದೆ ನಿಂತವರು ನೇಪಾಳದವರೇ ಆದ ಭಂಡಾರಿಗಳು ಎಂಬುದು ಗಮನಾರ್ಹ. ಅವರ ಜೊತೆಗೆ ಭಕ್ತರೂ ಪ್ರತಿಭಟಿಸಿದರು. ವಿಷಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ನ್ಯಾಯಾಲಯ ಹೊಸ ನೇಮಕಕ್ಕೆ ತಡೆ ನೀಡಿತು. 2009ರ ಜನವರಿಯಲ್ಲಿ ಸರ್ಕಾರ ನಿರ್ಧಾರದಿಂದ ಹಿಂದೆ ಸರಿಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕದಿಂದ ಹೊಸದಾಗಿ ನೇಮಕಗೊಂಡ ಇಬ್ಬರು ಅರ್ಚಕರ ಮೇಲೆ ದೇವಾಲಯದ ಆವರಣದಲ್ಲಿಯೇ ಹಲ್ಲೆ ನಡೆಯಿತು. ಆ ಬಳಿಕವೂ ಭಟ್ಟರ ಪರಂಪರೆ ಮುಂದುವರಿದಿದೆ.

ಈ ಪ್ರಸಂಗದಲ್ಲಿ ಭಾರತದ ರಾಜಕಾರಣಿಗಳು ಕಳವಳ ವ್ಯಕ್ತಪಡಿಸಿದ್ದುಂಟು. ಆದರೆ ಪರಂಪರೆಯನ್ನು ಉಳಿಸಿದ್ದು ಆ ಮಾತುಗಳೆನ್ನುವುದಕ್ಕಿಂತ, ಅದರಲ್ಲಿ ತಮ್ಮದೂ ಪಾಲಿದೆಯೆಂದು ತಿಳಿದ ಸ್ಥಳೀಯರು ಮತ್ತು ಅವರದೇ ನ್ಯಾಯಾಲಯ ಎನ್ನುವುದು ಉಚಿತ. ಭಟ್ಟರನ್ನು ಭಾರತದ ಪ್ರತಿನಿಧಿಗಳೆಂದು ನೋಡತೊಡಗಿದಾಗ ಅವರು ವಿವಾದದ ವಸ್ತುವಾದರು. ಪಶುಪತಿಯ ಸೇವಕರೆಂದು ನೋಡಿದವರು ಅವರ ಪರವಾಗಿ ನಿಂತರು.

3. ಮಿಥಿಲೆ: ಹೆಣ್ಣು ಕೊಟ್ಟವರ ದನಿ

ಮೇಲಿನ ಎರಡೂ ನಿದರ್ಶನಗಳು ಅರಮನೆ ಮತ್ತು ದೇವಾಲಯಗಳಿಗೆ ಸಂಬಂಧಿಸಿದವು. ‘ರೋಟಿ-ಬೇಟಿ’ ಎಂಬ ಮಾತು ನಿಜವಾಗಿ ಹುಟ್ಟಿ ಬೆಳೆದ ನೆಲ ಬೇರೆ. ಅದು ಎರಡೂ ದೇಶಗಳಿಗೆ ಸೇರಿದ ಬಯಲುಸೀಮೆ. ಆಂಗ್ಲೋ-ನೇಪಾಳ ಯುದ್ಧದ ಕೊನೆಗೆ 1816ರಲ್ಲಿ ಊರ್ಜಿತಗೊಂಡ ಸುಗೌಲಿ ಒಪ್ಪಂದ ಮತ್ತು ಅದೇ ವರ್ಷ ನಡೆದ ತರಾಯಿ ಭಾಗದ ಮರುಹಂಚಿಕೆಯಿಂದ ಇಂದಿನ ಗಡಿಯ ಬಹುಭಾಗ ರೂಪುಗೊಂಡಿತು. ಗಡಿಗೆರೆ ಎಳೆದವರು ಕಂಪನಿ ಸರ್ಕಾರ ಮತ್ತು ಗೂರ್ಖಾ ದರಬಾರಿನವರು. ಎರಡು ಪಾಲಾದದ್ದು ಮಿಥಿಲೆ. ಮೈಥಿಲಿ ಇಂದು ನೇಪಾಳದಲ್ಲಿ ನೇಪಾಳಿಯ ನಂತರ ಅತಿ ಹೆಚ್ಚು ಜನರ ಮಾತೃಭಾಷೆ. ಭಾರತದಲ್ಲಿ ಅದು 2003ರ ಸಂವಿಧಾನ ತಿದ್ದುಪಡಿಯಿಂದ ಎಂಟನೆಯ ಪರಿಚ್ಛೇದಕ್ಕೆ ಸೇರಿತು.

ಸೀತೆಯ ತವರೆಂದು ನಂಬಲಾದ ಜನಕಪುರ ನೇಪಾಳದ ಧನುಷಾ ಜಿಲ್ಲೆಯಲ್ಲಿದೆ. ಅಲ್ಲಿನ ಜಾನಕೀ ಮಂದಿರವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದವಳು ಬುಂದೇಲಖಂಡದ ಟೀಕಮ್‌ಗಢದ ರಾಣಿ ವೃಷಭಾನು ಕುಮಾರಿ. ಮಾರ್ಗಶಿರ ಶುದ್ಧ ಪಂಚಮಿಯಂದು ನಡೆಯುವ ವಿವಾಹ ಪಂಚಮಿಗೆ ಅಯೋಧ್ಯೆಯಿಂದ ದಿಬ್ಬಣ ಬರುವ ವಾಡಿಕೆಯುಂಟು. ಜನಕಪುರದವರು ಹೆಣ್ಣಿನ ಕಡೆಯವರಾಗಿ ದಿಬ್ಬಣವನ್ನು ಎದುರುಗೊಳ್ಳುತ್ತಾರೆ. ಎರಡು ಸರ್ಕಾರಗಳೂ ಈ ಆಚರಣೆಯ ಮಹತ್ವವನ್ನು ಅರಿತಿವೆ. 2014ರಲ್ಲಿ ಅಯೋಧ್ಯೆ ಮತ್ತು ಜನಕಪುರಗಳು ಸೋದರ ನಗರಗಳಾದವು. 2018ರ ಮೇ ತಿಂಗಳಲ್ಲಿ ಎರಡರ ನಡುವೆ ಬಸ್ ಸಂಚಾರಕ್ಕೆ ಚಾಲನೆ ದೊರೆಯಿತು. 2024ರ ಜನವರಿಯಲ್ಲಿ ಅಯೋಧ್ಯೆಯ ರಾಮಮಂದಿರದ ಪ್ರತಿಷ್ಠೆಗೆ ಜನಕಪುರದಿಂದ ತವರಿನ ಉಡುಗೊರೆಗಳು ಹೋದವು.

ಆದರೆ ಜನಪದ ಮಿಥಿಲೆ ಈ ಮದುವೆಯನ್ನು ಸಂಭ್ರಮದ ಸಂಗತಿಯೆಂದು ಮಾತ್ರ ನೆನೆಯುವುದಿಲ್ಲ. ವಿವಾಹ ಪಂಚಮಿಯಂದು ಅಲ್ಲಿ ಸೀತಾರಾಮರ ಮದುವೆ ವೈಭವದಿಂದ ನಡೆಯುತ್ತದೆ. ತಮ್ಮ ಹೆಣ್ಣುಮಕ್ಕಳ ಮದುವೆಯನ್ನು ಮಾತ್ರ ಆ ದಿನ ಮಾಡಲು ಮೈಥಿಲರು ಹಿಂಜರಿಯುತ್ತಾರೆ. ಆ ಮುಹೂರ್ತದಲ್ಲಿ ಕೈಹಿಡಿದ ಸೀತೆ ಕಾಡು ಕಂಡಳು, ತುಂಬು ಬಸುರಿಯಾಗಿ ಪರಿತ್ಯಕ್ತಳಾದಳು ಎಂಬುದೇ ಕಾರಣ. ಶಿಷ್ಟ ಕಾವ್ಯವು ಆದರ್ಶವೆಂದು ಕೊಂಡಾಡಿದ ದಾಂಪತ್ಯವನ್ನು ಹೆತ್ತವರ ಕಣ್ಣಿನಿಂದ ನೋಡಿದ ಜನಪದರು ಅದರ ಬೆಲೆಯನ್ನು ಮರೆತಿಲ್ಲ. ಮಗಳನ್ನು ಕಳಿಸಿಕೊಡುವಾಗ ಹಾಡುವ ‘ಸಮದಾಉನ್’ ಹಾಡುಗಳಲ್ಲಿಯೂ ಇದೇ ಅಳಲಿದೆ. ತವರಿನ ಹಂಬಲವನ್ನು ತ್ರಿಪದಿಗಳಲ್ಲಿ ತುಂಬಿಟ್ಟ ಕನ್ನಡದ ಗರತಿಯರಿಗೆ ಈ ಭಾವ ಅಪರಿಚಿತವಲ್ಲ.

ಮೈಥಿಲ ಮದುವೆಯ ಇನ್ನೊಂದು ಹಾಡಿನ ಪ್ರಕಾರ ‘ಡಹಕನ್’. ಉಣ್ಣಲು ಕುಳಿತ ಗಂಡಿನ ಕಡೆಯವರನ್ನು ಹೆಣ್ಣಿನ ಕಡೆಯ ಹೆಂಗಸರು ಮುಖಾಮುಖಿಯಾಗಿ ಬೈದು ಹಾಡುವ ಹಾಡುಗಳಿವು. ಕನ್ನಡದ ಬೀಗರನ್ನು ಜರೆಯುವ ಹಾಡುಗಳಿಗೆ ಇವು ತೀರ ಹತ್ತಿರ. ರಾಮನ ದಿಬ್ಬಣವೆಂದು ಇಲ್ಲಿ ರಿಯಾಯಿತಿಯಿಲ್ಲ; ದಶರಥನ ಮನೆಯವರೂ ಈ ಬೈಗುಳವನ್ನು ಕೇಳಿಯೇ ಉಣ್ಣಬೇಕು. ಸಾಂಪ್ರದಾಯಿಕ ಮದುವೆಯ ವ್ಯವಸ್ಥೆಯಲ್ಲಿ ಹೆಣ್ಣು ಕೊಡುವವರು ತಗ್ಗಿ ನಡೆಯಬೇಕಾದವರು. ಅಂತಹ ಸಮಾಜವೇ ತಗ್ಗಿದವರಿಗೆ ಬಾಯಿಬಿಟ್ಟು ಆಡುವ ಹಕ್ಕನ್ನು ಶಾಸ್ತ್ರದ ಭಾಗವಾಗಿಯೇ ಒದಗಿಸಿದೆ. ಕೇಳಿಸಿಕೊಂಡ ಬೀಗರು ಮುನಿಯುವಂತಿಲ್ಲ, ನಗಬೇಕು. ಅಸಮಾನರ ನಡುವಿನ ನಂಟು ಮುರಿಯದಂತೆ ಕಾಯುವ ಉಪಾಯವಿದು.

ಬೀಗತನದ ರೂಪಕವನ್ನು ರಾಜತಾಂತ್ರಿಕ ಭಾಷೆ ಎರವಲು ಪಡೆದಾಗ ಈ ಅರ್ಧವನ್ನು ಬಿಟ್ಟುಬಿಟ್ಟಿತು. ದೊಡ್ಡ ದೇಶವೊಂದು ‘ನಾವು ಬೀಗರು’ ಎಂದು ಹೇಳಿಕೊಂಡರೆ, ಚಿಕ್ಕ ದೇಶದ ಆಕ್ಷೇಪದ ಮಾತನ್ನು ಮುನಿಯದೆ ಕೇಳುವ ಹೊಣೆಯೂ ಅದರ ಮೇಲೆ ಬೀಳುತ್ತದೆ.

4. ಐತಿಹ್ಯವು ಹಕ್ಕಿನ ಮಾತಾದಾಗ

2020ರ ಜುಲೈ 13ರಂದು ನೇಪಾಳದ ಅಂದಿನ ಪ್ರಧಾನಿ ಕೆ.ಪಿ. ಶರ್ಮಾ ಓಲಿಯವರು ನಿಜವಾದ ಅಯೋಧ್ಯೆ ನೇಪಾಳದ ಬೀರಗಂಜ್ ಸಮೀಪದ ಠೋರಿಯಲ್ಲಿದೆ ಎಂದು ಹೇಳಿದರು. ನಕಾಶೆಯ ವಿವಾದ ಬಿಸಿಯಾಗಿದ್ದ ದಿನಗಳವು. ಎರಡೂ ದೇಶಗಳಲ್ಲಿ ಇದಕ್ಕೆ ತೀವ್ರ ಪ್ರತಿಕ್ರಿಯೆ ಬಂದಿತು. ಮರುದಿನ ನೇಪಾಳದ ವಿದೇಶಾಂಗ ಸಚಿವಾಲಯವು ಯಾರ ಭಾವನೆಯನ್ನೂ ನೋಯಿಸುವ ಉದ್ದೇಶ ಅದಕ್ಕಿರಲಿಲ್ಲವೆಂದು ಸ್ಪಷ್ಟನೆ ನೀಡಬೇಕಾಯಿತು. ಆ ಮಾತು ಬಂದದ್ದು ನೇಪಾಳಿ ಭಾಷೆಯಲ್ಲಿ ರಾಮಾಯಣ ರಚಿಸಿದ ಭಾನುಭಕ್ತ ಆಚಾರ್ಯರ ಜಯಂತಿಯ ಸಭೆಯಲ್ಲಿ. ನೇಪಾಳಿ ಸಾಹಿತ್ಯಪ್ರಜ್ಞೆಯ ತಳಹದಿಯೇ ಒಂದು ರಾಮಾಯಣವೆಂಬುದನ್ನು ಇಲ್ಲಿ ನೆನೆಯಬೇಕು.

ಪುರಾಣದ ಸ್ಥಳಗಳನ್ನು ತಮ್ಮ ಊರಿನ ಬೆಟ್ಟಹಳ್ಳಗಳಲ್ಲಿ ಕಂಡುಕೊಳ್ಳುವುದು ಜಾನಪದದಲ್ಲಿ ಅತಿ ಸಾಮಾನ್ಯವಾದ ಪ್ರಕ್ರಿಯೆ. ಕೋಲಾರ ಜಿಲ್ಲೆಯ ಆವನಿಯಲ್ಲಿ ಸೀತೆ ಲವಕುಶರನ್ನು ಹೆತ್ತಳೆಂದು ಅಲ್ಲಿನ ಜನ ನಂಬುತ್ತಾರೆ. ತುಂಗಭದ್ರೆಯ ದಡದಲ್ಲಿ ಕಿಷ್ಕಿಂಧೆಯಿದೆ. ವಾಲ್ಮೀಕಿಯ ಆಶ್ರಮ ತಮ್ಮಲ್ಲಿತ್ತೆಂದು ಹೇಳುವ ಊರುಗಳು ನೇಪಾಳದಲ್ಲಿಯೂ ಉತ್ತರ ಭಾರತದಲ್ಲಿಯೂ ಇವೆ. ಆವನಿಯ ಜನ ಅವರೊಡನೆ ಜಗಳಕ್ಕೆ ಹೋದದ್ದಿಲ್ಲ. ಐತಿಹ್ಯದ ಲೋಕದಲ್ಲಿ ಒಂದೇ ಘಟನೆ ಹಲವು ಕಡೆ ನಡೆಯಬಹುದು. ಒಂದರ ನಿಜ ಇನ್ನೊಂದನ್ನು ಸುಳ್ಳಾಗಿಸುವುದಿಲ್ಲ. ಪ್ರಭುತ್ವದ ಲೋಕದಲ್ಲಿ ಹಾಗಲ್ಲ. ಅಲ್ಲಿ ಒಂದು ನೆಲ ಒಬ್ಬರದೇ. ಐತಿಹ್ಯವನ್ನು ಪ್ರಧಾನಿಯೊಬ್ಬರ ಬಾಯಲ್ಲಿ, ಗಡಿವಿವಾದದ ನಡುವೆ ಇಟ್ಟಾಗ ಬಹುತ್ವದ ಆ ಗುಣ ನಷ್ಟವಾಗಿ ಅದು ಹಕ್ಕಿನ ಮಾತಾಗುತ್ತದೆ. ಈ ದೋಷ ಒಂದೇ ದೇಶಕ್ಕೆ ಸೀಮಿತವಲ್ಲ. ಬುದ್ಧನ ಜನ್ಮಸ್ಥಳ ಲುಂಬಿನಿ ನೇಪಾಳದಲ್ಲಿದೆ. ಅಲ್ಲಿನ ಅಶೋಕಸ್ತಂಭವೇ ಅದಕ್ಕೆ ಸಾಕ್ಷಿ. ಬುದ್ಧನನ್ನು ಭಾರತದವನೆಂದು ಸಡಿಲವಾಗಿ ಹೇಳುವ ಮಾತುಗಳು ನೇಪಾಳದಲ್ಲಿ ಪ್ರತಿಬಾರಿಯೂ ನೋವುಂಟುಮಾಡುತ್ತ ಬಂದಿವೆ.

ಭಾಷೆಯ ವಿಷಯದಲ್ಲಿಯೂ ಇದೇ ಸೂಕ್ಷ್ಮತೆಯನ್ನು ಕಾಣಬಹುದು. 2008ರಲ್ಲಿ ನೇಪಾಳದ ಮೊದಲ ಉಪರಾಷ್ಟ್ರಪತಿ ಪರಮಾನಂದ ಝಾ ಅವರು ಹಿಂದಿಯಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ದೊಡ್ಡ ಪ್ರತಿಭಟನೆಗಳಾದವು. ನ್ಯಾಯಾಲಯ ಅದನ್ನು ಅಸಿಂಧುವೆಂದಿತು. 2010ರಲ್ಲಿ ಅವರು ಮೈಥಿಲಿ ಮತ್ತು ನೇಪಾಳಿಗಳಲ್ಲಿ ಮತ್ತೆ ಪ್ರಮಾಣವಚನ ಸ್ವೀಕರಿಸಿದರು. ಮೈಥಿಲಿಯೂ ಗಡಿಯ ಎರಡೂ ಕಡೆಗೆ ಸೇರಿದ ಭಾಷೆಯೇ. ಆದರೂ ಹಿಂದಿಯನ್ನು ನೆರೆಯ ಪ್ರಭುತ್ವದ ಭಾಷೆಯೆಂದು ಕಂಡವರು ಮೈಥಿಲಿಯನ್ನು ನೇಪಾಳದ್ದೇ ಭಾಷೆಯೆಂದು ಒಪ್ಪಿದರು.

5. ಒಪ್ಪಂದಗಳು, ದಿಗ್ಬಂಧನಗಳು ಮತ್ತು ಗಡಿಯ ಸೊಸೆ

1950ರ ಜುಲೈ 31ರಂದು ಸಹಿಯಾದ ಶಾಂತಿ ಮತ್ತು ಸ್ನೇಹ ಒಪ್ಪಂದವು ಎರಡು ದೇಶಗಳ ಪ್ರಾಚೀನ ಬಾಂಧವ್ಯವನ್ನು ಪೀಠಿಕೆಯಲ್ಲಿಯೇ ಸ್ಮರಿಸುತ್ತದೆ. ವಾಸ, ಆಸ್ತಿ, ವ್ಯಾಪಾರ, ಸಂಚಾರಗಳಲ್ಲಿ ಪರಸ್ಪರರ ಪ್ರಜೆಗಳಿಗೆ ಸಮಾನ ಸೌಲಭ್ಯ ನೀಡುವ ವಿಧಿ ಅದರಲ್ಲಿದೆ. ತೆರೆದ ಗಡಿಗೆ ಇದು ದೊಡ್ಡ ಆಧಾರ. ಆದರೆ ನೇಪಾಳದ ಪರವಾಗಿ ಪ್ರಧಾನಿ ಮೋಹನ್ ಶಂಶೇರ್ ರಾಣಾ ಸಹಿ ಮಾಡಿದರೆ, ಭಾರತದ ಪರವಾಗಿ ಸಹಿ ಮಾಡಿದವರು ರಾಯಭಾರಿ. ಸ್ಥಾನಮಾನದ ಈ ಅಂತರವನ್ನು ನೇಪಾಳಿಗಳು ಮರೆತಿಲ್ಲ. ಒಪ್ಪಂದವನ್ನೂ ಒಳಗೊಂಡಂತೆ ಸಂಬಂಧಗಳನ್ನು ಪುನರ್ವಿಮರ್ಶಿಸಲು 2016ರಲ್ಲಿ ರಚಿತವಾದ ಎರಡೂ ದೇಶಗಳ ಗಣ್ಯರ ಸಮಿತಿ 2018ರಲ್ಲಿ ವರದಿಯನ್ನು ಸಿದ್ಧಪಡಿಸಿತು. ಆದರೆ ಅದನ್ನು ಸರ್ಕಾರಗಳಿಗೆ ಒಪ್ಪಿಸುವ ಕಾರ್ಯ ನಡೆಯದೆ ಉಳಿಯಿತು.

2015ರ ಏಪ್ರಿಲ್ 25ರ ಭೂಕಂಪದಲ್ಲಿ ನೇಪಾಳದಲ್ಲಿ ಸುಮಾರು 9,000 ಜನ ಸತ್ತರು. ಭಾರತದ ಪರಿಹಾರ ತಂಡಗಳು ಕೆಲವೇ ಗಂಟೆಗಳಲ್ಲಿ ಅಲ್ಲಿಗೆ ತಲುಪಿದವು. ಅದೇ ವರ್ಷದ ಸೆಪ್ಟೆಂಬರ್ 20ರಂದು ನೇಪಾಳ ಹೊಸ ಸಂವಿಧಾನವನ್ನು ಜಾರಿಗೆ ತಂದಿತು. ತಮಗೆ ನ್ಯಾಯ ದೊರೆತಿಲ್ಲವೆಂದು ತರಾಯಿಯ ಮಧೇಶಿಗಳು ಚಳವಳಿ ಹೂಡಿದರು. ಗಡಿಯಲ್ಲಿ ಇಂಧನ, ಔಷಧಗಳ ಸಾಗಣೆ 2016ರ ಫೆಬ್ರುವರಿಯವರೆಗೂ ಅಸ್ತವ್ಯಸ್ತವಾಯಿತು. ಇದು ಭಾರತ ಹೇರಿದ ದಿಗ್ಬಂಧನವೆಂದು ನೇಪಾಳ ದೂರಿತು. ಒಳನಾಡಿನ ಚಳವಳಿಯ ಪರಿಣಾಮವೆಂದು ಭಾರತ ಉತ್ತರಿಸಿತು. ಐದು ತಿಂಗಳ ಹಿಂದಿನ ಕೃತಜ್ಞತೆ ಅಡುಗೆ ಅನಿಲಕ್ಕಾಗಿ ನಿಂತ ಸಾಲುಗಳಲ್ಲಿ ಕರಗಿತು.

ಈ ಇಕ್ಕಟ್ಟಿನಲ್ಲಿ ಹೆಚ್ಚು ನೊಂದವರು ಎರಡೂ ದೇಶಗಳ ಸಮಾನ ಸಂಸ್ಕೃತಿಯನ್ನು ನಿತ್ಯದ ಬದುಕಾಗಿ ಬಾಳುತ್ತಿರುವ ಗಡಿಯ ಜನ. ಭಾಷೆ, ಉಡುಪು, ನೆಂಟಸ್ತಿಕೆಗಳ ಕಾರಣದಿಂದಲೇ ಮಧೇಶಿಗಳು ತಮ್ಮ ದೇಶದಲ್ಲಿ ಅರೆಭಾರತೀಯರೆಂಬ ಅನುಮಾನಕ್ಕೆ ಗುರಿಯಾಗುತ್ತ ಬಂದಿದ್ದಾರೆ. ಗಡಿ ದಾಟಿ ಬಂದ ಸೊಸೆಯ ಪೌರತ್ವ ಸಂವಿಧಾನದ ಚರ್ಚೆಯ ಕಠಿಣ ವಿಷಯಗಳಲ್ಲೊಂದಾಯಿತು. 2015ರ ಸಂವಿಧಾನದ ಪ್ರಕಾರ ಮದುವೆಯಿಂದ ಅಂಗೀಕೃತ ಪೌರತ್ವ ಪಡೆದವರು ರಾಷ್ಟ್ರಪತಿ, ಪ್ರಧಾನಿ, ಮುಖ್ಯಮಂತ್ರಿಯಂತಹ ಉನ್ನತ ಹುದ್ದೆಗಳಿಗೆ ಅರ್ಹರಲ್ಲ. 2020ರಲ್ಲಿ ಸಂಸದೀಯ ಸಮಿತಿಯೊಂದು, ನೇಪಾಳಿಗಳನ್ನು ಮದುವೆಯಾದ ವಿದೇಶಿ ಹೆಂಗಸರು ಪೌರತ್ವಕ್ಕೆ ಏಳು ವರ್ಷ ಕಾಯಬೇಕೆಂಬ ಪ್ರಸ್ತಾವವನ್ನು ಬೆಂಬಲಿಸಿತ್ತು. ‘ರೋಟಿ-ಬೇಟಿ’ ಎಂಬ ಭಾಷಣದ ಮಾತಿನೊಳಗಿನ ‘ಬೇಟಿ’ ಒಬ್ಬ ನಿಜವಾದ ಹೆಣ್ಣುಮಗಳು. ಎರಡು ರಾಜ್ಯಗಳ ಅನುಮಾನವನ್ನು ತನ್ನ ಕಾಗದಪತ್ರಗಳಲ್ಲಿ ಹೊತ್ತು ತಿರುಗಬೇಕಾದವಳು ಅವಳೇ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಸಮಾನ ಸಂಸ್ಕೃತಿಯು ನೆರೆಹೊರೆಯ ದೇಶಗಳ ಸ್ನೇಹಕ್ಕೆ ಸಾಮಗ್ರಿಯನ್ನು ಒದಗಿಸುತ್ತದೆ, ಸ್ನೇಹವನ್ನು ಖಾತರಿಪಡಿಸುವುದಿಲ್ಲ. ತಲೇಜುವಿನ ಐತಿಹ್ಯ ಉಳಿದದ್ದು ಅದನ್ನು ಪಡೆದವರಿಗೆ ತಮ್ಮಂತೆ ಮಾಡಿಕೊಳ್ಳುವ ಸ್ವಾತಂತ್ರ್ಯವಿದ್ದುದರಿಂದ. ಪಶುಪತಿಯ ಭಟ್ಟರು ಉಳಿದದ್ದು ಅವರ ಅಧಿಕಾರಕ್ಕೆ ಮೇರೆಯಿದ್ದು ಸ್ಥಳೀಯರಿಗೂ ಅದರಲ್ಲಿ ಪಾಲಿದ್ದುದರಿಂದ. ಮಿಥಿಲೆಯ ನಂಟು ಉಳಿದದ್ದು ತಗ್ಗಿದವರಿಗೆ ಆಡುವ ಹಕ್ಕನ್ನು ಸಂಪ್ರದಾಯ ಕೊಟ್ಟುದರಿಂದ. ಈ ಮೂರೂ ನಿಯಮಗಳನ್ನು ರೂಪಿಸಿದ್ದು ಶತಮಾನಗಳ ಲೋಕಾನುಭವ. ಯಾವ ವಿದೇಶಾಂಗ ಇಲಾಖೆಯೂ ಅಲ್ಲ. ಇವುಗಳಲ್ಲಿ ಯಾವುದನ್ನು ಮೀರಿದರೂ ಅದೇ ಸಂಸ್ಕೃತಿ ಜಗಳದ ವಸ್ತುವಾಗುತ್ತದೆ ಎಂಬುದಕ್ಕೆ 2008 ಮತ್ತು 2020ರ ಪ್ರಸಂಗಗಳು ಸಾಕ್ಷಿಯಾಗಿವೆ.

ಕನ್ನಡ ಜಾನಪದ ಅಧ್ಯಯನಕ್ಕೆ ಇಲ್ಲಿ ಮಾಡಬೇಕಾದ ಕೆಲಸ ಸಾಕಷ್ಟಿದೆ. ಕರಾವಳಿಯಿಂದ ಪಶುಪತಿಗೆ ಹೋಗಿಬಂದ ಅರ್ಚಕ ಕುಟುಂಬಗಳಲ್ಲಿ ಉಳಿದಿರುವ ನೆನಪುಗಳನ್ನು ಭಂಡಾರಿ ಮನೆತನಗಳ ನೆನಪುಗಳ ಜೊತೆಗಿಟ್ಟು ಸಂಗ್ರಹಿಸಬೇಕಾಗಿದೆ. ಮೈಥಿಲರ ಡಹಕನ್ ಮತ್ತು ಕನ್ನಡದ ಬೀಗರ ಹಾಡುಗಳ ತೌಲನಿಕ ಅಧ್ಯಯನ ನಡೆಯಬೇಕಾಗಿದೆ. ಇಂತಹ ಅಧ್ಯಯನಗಳು ಒಂದೇ ಕಡೆಯ ಹಿರಿಮೆಯನ್ನು ಸಾರುವ ಬದಲು ಎರಡೂ ಕಡೆಯವರ ಮಾತನ್ನು ಕೇಳಿಸಿಕೊಳ್ಳುವಂತಿರಬೇಕು. ಹೆಣ್ಣು ಕೊಟ್ಟವರ ಬೈಗುಳವನ್ನು ನಗುನಗುತ್ತ ಕೇಳಿ, ಎಲೆಯ ಮುಂದಿನಿಂದ ಏಳದೆ ಉಂಡು ಹೋಗುವ ಬೀಗರ ಸೈರಣೆಯಿಂದ ದೇಶಗಳು ಕಲಿಯಬೇಕಾದದ್ದು ಇನ್ನೂ ಉಳಿದಿದೆ.